ಪುಳಿಯೋಗರೆ ಪುಡಿಯಲ್ಲಿ ಹನ್ನೊಂದು ತಪ್ಪು

“ಮೇಡಂ, ಅದು ನಮ್ಮತ್ತೆ ಅಂಗಡಿ.”

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನನ್ನ ಫೋನಿಗೆ ಬಂದ ಮೆಸೇಜ್ ಇದು. ಆಗ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಆನ್‌ಲೈನ್ ಕ್ಲಾಸ್. ನಲವತ್ತು ಜನರ ಎದುರು ಮೇಷ್ಟ್ರು ನನ್ನ ಅಸೈನ್‌ಮೆಂಟ್ ಹೊಗಳ್ತಾ ಇದ್ರು. ಐವತ್ತೊಂದನೇ ವಯಸ್ಸಿನಲ್ಲಿ ಯಾರಾದ್ರೂ ‘ವೆರಿ ಗುಡ್’ ಅಂದ್ರೆ ಎಷ್ಟು ಖುಷಿಯಾಗುತ್ತೆ ಗೊತ್ತಾ? (ಮನೆಯಲ್ಲಿ ಆ ಮಾತು ಕೇಳಿ ಯಾವ ಕಾಲವಾಯ್ತು!) ಪೂರಿ ಥರ ಉಬ್ಬಿದ್ದೆ. ಮೆಸೇಜ್ ಓದಿದೆ. ಚಪ್ಪಟೆಯಾದೆ.

ಖಾಯಂ ಓದುಗರಿಗೆ ನೆನಪಿರಬಹುದು, ಕಳೆದ ವರ್ಷ ಇದೇ ಜಾಗದಲ್ಲಿ ಬರೆದಿದ್ದೆ. ನಾನು ಆಹಾರ ಸುರಕ್ಷತೆಯ ಕಾನೂನಿನಲ್ಲಿ ಪಾರ್ಟ್‌ಟೈಮ್ ಸ್ನಾತಕೋತ್ತರ ಡಿಗ್ರಿಗೆ ಸೇರ್ತಾ ಇದ್ದೀನಿ ಅಂತ. ಎರಡು ವರ್ಷದ ಕೋರ್ಸ್. ಶನಿವಾರ, ಭಾನುವಾರ ಕ್ಲಾಸ್. ನಾವು ತಿನ್ನೋದನ್ನ ಹೇಗೆ ತಯಾರಿಸಬೇಕು, ಪ್ಯಾಕೆಟ್ ಮೇಲೆ ಏನು ಬರೀಬೇಕು, ಏನು ಬರೀಬಾರದು ಅನ್ನೋ ಕಾನೂನಿನ ಓದು. “ಈ ವಯಸ್ಸಲ್ಲಿ ಯಾಕ್ರೀ?” ಅಂದವರಿಗೆ “ಈ ವಯಸ್ಸಲ್ಲೂ ದಿನಾ ತಿಂತೀನಲ್ಲ” ಅಂದಿದ್ದೆ.

ಓದ್ತಾ ಓದ್ತಾ ಒಂದು ಚಟ ಹತ್ತಿಕೊಳ್ತು. ಸೂಪರ್‌ಮಾರ್ಕೆಟ್‌ಗೆ ಹೋದ್ರೆ ಸಾಮಾನು ತಗೊಳ್ಳಲ್ಲ, ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದ್ತೀನಿ. ನಮ್ಮೆಜಮಾನ್ರು ಟ್ರಾಲಿ ಹಿಡ್ಕೊಂಡು, “ಅಂಗಡಿಗೆ ಬಂದಿದ್ದೀಯಾ, ಲೈಬ್ರರಿಗಾ?” ಅಂತಾರೆ.

ಹೀಗಿರುವಾಗ ಬಂತು ಆ ಅಸೈನ್‌ಮೆಂಟ್. ನಿಮ್ಮ ಏರಿಯಾದಲ್ಲೇ ತಯಾರಾಗೋ ಒಂದು ತಿನಿಸಿನ ಲೇಬಲ್ ತಗೊಂಡು, ಕಾನೂನಿನ ಪ್ರಕಾರ ಎಲ್ಲೆಲ್ಲಿ ತಪ್ಪಿದೆ ಪಟ್ಟಿ ಮಾಡಿ. ನಾನು ದೂರ ಹೋಗಲಿಲ್ಲ. ಅಡುಗೆಮನೆ ಡಬ್ಬಿ ತೆಗೆದೆ. ನಾಗರತ್ನಮ್ಮನ ಪುಳಿಯೋಗರೆ ಪುಡಿ ಸಿಕ್ತು.

ನಾಗರತ್ನಮ್ಮ ಜರಗನಹಳ್ಳಿಯ ಹಳೇ ಮನೆತನದವರು. ಅವರ ರಾಗಿ ಹೊಲ ಇದ್ದ ಕಡೆ ಈಗ ನಾಲ್ಕಂತಸ್ತು ಎದ್ದಿದೆ. ಮೇಲಿನ ಮನೆಗಳು ಬಾಡಿಗೆಗೆ, ಕೆಳಗೆ ಕಾಂಡಿಮೆಂಟ್ಸ್ ಅಂಗಡಿ. ಹಿಂದೆಯೇ ಅಡುಗೆಮನೆ, ಪಕ್ಕದಲ್ಲಿ ಗೋಡೌನು. ಜೆಪಿ ನಗರದಿಂದ ನಾನು ಹತ್ತು ವರ್ಷದಿಂದ ಅಲ್ಲಿಗೇ ಹೋಗ್ತೀನಿ. ಅವರ ಪುಡಿ ಹಾಕಿ ಕಲಸಿದ ಅನ್ನ ತಿಂದ ನೆಂಟರು, ಕೈ ತೊಳೆಯೋ ಮುಂಚೆಯೇ ಅಂಗಡಿ ಅಡ್ರೆಸ್ ಕೇಳ್ತಾರೆ.

ಆದ್ರೆ ಲೇಬಲ್? ತಯಾರಿಸಿದ ದಿನ ಇಲ್ಲ. ಎಷ್ಟು ದಿನ ಇಡಬಹುದು ಅಂತಿಲ್ಲ. ಹಸಿರು ಚುಕ್ಕೆ ಇದೆ, ಸುತ್ತ ಇರಬೇಕಾದ ಚೌಕ ಇಲ್ಲ. ಬರೀ ಕನ್ನಡದಲ್ಲಿದೆ, ಅದು ಸಾಲದು, ಇಂಗ್ಲಿಷೋ ಹಿಂದಿಯೋ ಇರಲೇಬೇಕಂತೆ. (ಈ ನಿಯಮದ ಜೊತೆ ನನಗೆ ಬೇರೆಯೇ ಜಗಳ ಇದೆ.) ‘ನೂರಕ್ಕೆ ನೂರು ಶುದ್ಧ’ ಅಂತಿದೆ. ಯಾರು ಅಳೆದ್ರು? ಪದಾರ್ಥಗಳ ಸಾಲಿನ ಕೊನೆಯಲ್ಲಂತೂ ‘ಇತ್ಯಾದಿ’! ತಿನ್ನೋ ವಸ್ತುವಿನಲ್ಲಿ ಇತ್ಯಾದಿ ಅಂದ್ರೆ ಏನ್ರೀ?

ಒಟ್ಟು ಹನ್ನೊಂದು ತಪ್ಪು. ಒಂದೊಂದಕ್ಕೂ ನಿಯಮದ ಸಂಖ್ಯೆ ಹಾಕಿ, ಫೋಟೋ ಅಂಟಿಸಿ ಕಳಿಸಿದೆ. ಫೋಟೋದಲ್ಲಿ ಅಂಗಡಿ ಹೆಸರು ದಪ್ಪಕ್ಷರದಲ್ಲಿ ಕಾಣ್ತಿತ್ತು. ಅಳಿಸಬೇಕು ಅಂತ ನನಗೆ ಹೊಳೀಲಿಲ್ಲ.

ಭಾನುವಾರ ಮೇಷ್ಟ್ರು ಅದನ್ನೇ ಸ್ಕ್ರೀನ್ ಮೇಲೆ ಹಾಕಿದ್ರು. “ಲೇಬಲ್ ಹೇಗಿರಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?” ಅಂದ್ರು. ಯಾರೋ ಒಬ್ಬ, “ಇದು ತಿಂದೂ ಮೇಡಂ ಇನ್ನೂ ಇದ್ದಾರಲ್ಲ, ಗ್ರೇಟ್” ಅಂದ. ಚಾಟ್ ತುಂಬಾ ನಗೋ ಮುಖಗಳು. ನಾನೂ ನಕ್ಕೆ.

ಆಗ ಬಂತು ಮೆಸೇಜು. ಕಳಿಸಿದವಳ ಹೆಸರು ರೂಪಾ. ಕ್ಲಾಸಿನಲ್ಲಿ ಯಾವಾಗಲೂ ಕ್ಯಾಮೆರಾ ಆಫ್ ಮಾಡ್ಕೊಂಡಿರೋಳು. ಒಂದು ದಿನವೂ ಬಾಯಿ ತೆರೆದವಳಲ್ಲ.

ಕ್ಲಾಸ್ ಮುಗಿದ ತಕ್ಷಣ ಫೋನ್ ಮಾಡಿದೆ.

“ನೀವು ಅಂಗಡಿಗೆ ಬಂದಾಗ ಪುಡಿ ತೂಗಿ ಕೊಡ್ತೀನಲ್ಲ ಮೇಡಂ, ನಾನೇ,” ಅಂದ್ಲು.

ನಾಲ್ಕು ವರ್ಷದಿಂದ ನನ್ನ ಕೈಗೆ ಪ್ಯಾಕೆಟ್ ಕೊಡ್ತಿದ್ದ ಹುಡುಗಿ! ನನಗೆ ಅವಳು ‘ನಾಗರತ್ನಮ್ಮನ ಸೊಸೆ’, ಅಷ್ಟೇ. ಹೆಸರು ಕೂಡ ಕೇಳಿರಲಿಲ್ಲ.

“ನೀವು ಪೇಪರಲ್ಲಿ ಬರೆದಿದ್ದು ಓದೇ ನಾನು ಕೋರ್ಸ್ ಸೇರಿದ್ದು. ಹೇಳೋಣ ಅಂತ ಎಷ್ಟೋ ಸಲ ಅನ್ಕೊಂಡೆ, ಅತ್ತೆ ಪಕ್ಕದಲ್ಲೇ ಇರ್ತಿದ್ರು. ಅವರಿಗೆ ಗೊತ್ತಿಲ್ಲ ಮೇಡಂ, ನಮ್ಮನೆಯವರಿಗೆ ಮಾತ್ರ ಗೊತ್ತು. ಓದಿ ಬಂದು ನನ್ನ ಕೈರುಚಿಗೆ ಹೆಸರಿಡ್ತಾಳೆ ಅಂತ ಅತ್ತೆ ನೊಂದ್ಕೊಂಡ್ರೆ? ಡಿಗ್ರಿ ಮುಗಿದ ಮೇಲೆ ನಿಧಾನಕ್ಕೆ ಒಂದೊಂದೇ ಸರಿಮಾಡೋಣ ಅಂತಿದ್ದೆ.”

“ಸಾರಿ ರೂಪಾ” ಅಂದೆ.

“ನಿಮ್ಮ ಪಟ್ಟಿ ಸರಿಯಾಗೇ ಇದೆ ಮೇಡಂ. ಎಲ್ಲರೂ ನಕ್ಕಿದ್ದು...” ಅಂದ್ಲು. ಮೂಗು ಎಳೆದುಕೊಂಡ ಸದ್ದು ಕೇಳಿಸ್ತು. ನಾನೂ ನಕ್ಕಿದ್ದೆ ಅನ್ನೋದು ಅವಳಿಗೆ ಕಂಡಿತ್ತು. ನನ್ನ ಕ್ಯಾಮೆರಾ ಆನ್ ಇತ್ತಲ್ಲ.

ಸೋಮವಾರ ಬೆಳಗ್ಗೆ ಅಂಗಡಿಗೆ ಹೋದೆ. ನಾಗರತ್ನಮ್ಮ ಸ್ಟೂಲ್ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸ್ತಾ ಇದ್ರು. ರೂಪಾ ಅವರ ಹಿಂದೆ ನಿಂತಿದ್ಲು. ಪ್ರಿಂಟ್ ಹಾಕಿಸಿದ ಅಸೈನ್‌ಮೆಂಟ್ ಮುಂದೆ ಹಿಡಿದೆ.

“ಕನ್ನಡಕ ಒಳಗಿದೆ, ನೀವೇ ಓದಿ ಮೇಡಮ್ಮೋರೆ,” ಅಂದ್ರು.

ಓದಿದೆ. ಹನ್ನೊಂದನ್ನೂ. ಲ್ಯಾಪ್‌ಟಾಪಿನಲ್ಲಿ ಅಷ್ಟು ಚಂದ ಕಂಡಿದ್ದ ವಾಕ್ಯಗಳು ಅವರ ಎದುರು ಬೈಗುಳದ ಥರ ಕೇಳಿಸ್ತಿದ್ವು. ನಲವತ್ತು ಜನರೆದುರು ಸ್ಕ್ರೀನ್ ಮೇಲೆ ಹಾಕಿದ್ದು, ನಕ್ಕಿದ್ದು, ಅದನ್ನೂ ಹೇಳಿಬಿಟ್ಟೆ.

ಅವರ ಕೈ ನಿಂತಿತ್ತು. “ಎಷ್ಟು ವರ್ಷದಿಂದ ಬರ್ತಾ ಇದ್ದೀರಿ?”

“ಹತ್ತು ವರ್ಷ.”

“ಹತ್ತು ವರ್ಷ ತಿಂದೋರು ಒಂದಿನ ನನಗೆ ಹೇಳ್ಬೋದಿತ್ತಲ್ಲವ್ವ. ನಲವತ್ತು ಜನಕ್ಕೆ ಯಾಕೆ ಹೇಳಿದ್ರಿ?”

ಬೈದಿದ್ರೆ ತಡ್ಕೊಳ್ತಿದ್ದೆ. ಕೈಯಲ್ಲಿದ್ದ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಆಗ ರೂಪಾ ಮುಂದೆ ಬಂದ್ಲು. “ಅತ್ತೆ, ಆ ಕ್ಲಾಸಲ್ಲಿ ನಾನೂ ಓದ್ತಾ ಇದೀನಿ.”

ನಾಗರತ್ನಮ್ಮ ಸೊಸೆಯನ್ನೇ ನೋಡಿದ್ರು. “ಅದಕ್ಕೇನಾ ವಾರವಾರ ಮೂಟೆ ಎಣಿಸ್ತೀನಿ ಅಂತ ಗೋಡೌನ್ ಸೇರ್ಕೊತಿದ್ದಿದ್ದು? ನಾನು ಫೋನಲ್ಲಿ ಸೀರಿಯಲ್ ನೋಡ್ತಾಳೆ ಅನ್ಕೊಂಡಿದ್ದೆ ಕಣೇ.”

“ಇನ್ನೊಂದು ಮಾತು ಅತ್ತೆ. ಮೇಡಂ ಬರೆದಿರೋದು ಹನ್ನೊಂದು. ಹನ್ನೆರಡನೇದೂ ಒಂದಿದೆ. ಅದೇ ದೊಡ್ಡದು. ಇವತ್ತು ಹೇಳದೇ ಇದ್ರೆ ಆಗಲ್ಲ.”

ನನಗೂ ಆಶ್ಚರ್ಯ. ಅವಳು ಒಳಗಿಂದ ಇಂಗಿನ ಡಬ್ಬಿ ತಂದು ತಿರುಗಿಸಿ ಹಿಡಿದ್ಲು. ಸಣ್ಣಕ್ಷರದಲ್ಲಿ ಗೋಧಿ ಹಿಟ್ಟು ಅಂತಿತ್ತು. ಅಂಗಡೀಲಿ ಸಿಗೋ ಇಂಗಿಗೆ ಹಿಟ್ಟು ಬೆರೆಸಿರ್ತಾರೆ. ಆ ಇಂಗು ಪುಳಿಯೋಗರೆ ಪುಡಿಗೆ ಹೋಗುತ್ತೆ. ಲೇಬಲ್ ಮೇಲೆ ಅದು ‘ಇತ್ಯಾದಿ’ಯೊಳಗೆ ಕೂತಿದೆ. ಗೋಧಿ ಒಗ್ಗದವರಿಗೆ ಗೊತ್ತಾಗೋದು ಹೇಗೆ?

ಮೇಷ್ಟ್ರು ಅಷ್ಟು ಹೊಗಳಿದ ನನ್ನ ಅಸೈನ್‌ಮೆಂಟಿನಲ್ಲಿ ಇದೇ ಇರಲಿಲ್ಲ! ನಾನು ಪ್ಯಾಕೆಟ್ ಓದಿದ್ದೆ. ಅವಳು ಬಾಣಲೆ ನೋಡಿದ್ಲು.

ನಾಗರತ್ನಮ್ಮ ಎದ್ದು ನಿಂತ್ರು. ಮಡಿಲಲ್ಲಿದ್ದ ಹುಣಸೆಬೀಜ ನೆಲಕ್ಕೆ ಚೆಲ್ಲಿತು. “ಅಯ್ಯೋ, ಸುಮಾ ಟೀಚರ್ರು!”

ಸುಮಾ ಪುಟ್ಟೇನಹಳ್ಳಿಯಿಂದ ಬರೋ ಸ್ಕೂಲ್ ಟೀಚರ್. ಗೋಧಿ ಮುಟ್ಟಲೇಬೇಡಿ ಅಂತ ಡಾಕ್ಟರು ಹೇಳಿದ್ರಂತೆ. “ಇದ್ರಲ್ಲಿ ಗೋಧಿ ಎಲ್ಲಿಂದ ಬಂತು, ಅನ್ನಕ್ಕೆ ಕಲಸ್ಕೊಂಡು ಧೈರ್ಯವಾಗಿ ತಿನ್ನಿ ಅಂತ ನಾನೇ ಹೇಳಿದ್ದೆ ಕಣಮ್ಮ. ಎರಡೆರಡು ಪ್ಯಾಕೆಟ್ ತಗೊಂಡೋಗ್ತಾರೆ. ಫೋನ್ ಹಾಕೇ ರೂಪಾ,” ಅಂದ್ರು ನಾಗರತ್ನಮ್ಮ.

ರೂಪಾ ನಂಬರ್ ಹಾಕಿ ಸ್ಪೀಕರ್ ಆನ್ ಮಾಡಿದ್ಲು. ಮಾತಾಡಿದ್ದು ನಾಗರತ್ನಮ್ಮನೇ. “ಟೀಚರೇ, ನನ್ನಿಂದ ತಪ್ಪಾಗಿದೆ” ಅಂತಲೇ ಶುರು ಮಾಡಿದ್ರು. ಸುತ್ತಿ ಬಳಸಲಿಲ್ಲ, ಇಂಗಿನ ಕಂಪನಿ ಮೇಲೆ ಹಾಕಲಿಲ್ಲ.

ಆ ಕಡೆಯಿಂದ ಸುಮಾ, “ಅಮ್ಮ, ಎಷ್ಟು ಪಥ್ಯ ಮಾಡಿದ್ರೂ ಹೊಟ್ಟೆ ಸರಿಹೋಗ್ತಾನೇ ಇರಲಿಲ್ಲ. ಹೊರಗಡೆ ಕಾಫಿ ಕುಡಿಯೋದೂ ಬಿಟ್ಟಿದ್ದೆ. ನಿಮ್ಮ ಪುಡಿ ಮೇಲೆ ಮಾತ್ರ ಅನುಮಾನಾನೇ ಬಂದಿರಲಿಲ್ಲ,” ಅಂದ್ರು. ಕೋಪ ಇರಲಿಲ್ಲ. ಡಾಕ್ಟರಿಗೆ ಹೇಳ್ತೀನಿ ಅಂದ್ರು. ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದ್ರು. ನಾಗರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಶೆಲ್ಫಿನಲ್ಲಿದ್ದ ಪ್ಯಾಕೆಟ್‌ಗಳನ್ನೆಲ್ಲ ಇಳಿಸೋಕೆ ಶುರು ಮಾಡಿದ್ರು. ನಾನೂ ಕೈ ಹಾಕಿದೆ.

ಈಗ ಅಲ್ಲಿಗೆ ಅಕ್ಕಿ ಹಿಟ್ಟು ಬೆರೆಸಿದ ಇಂಗು ಬರುತ್ತೆ. ಲೇಬಲ್ ಹೊಸದಾಗಿ ಬರೆಯೋಕೆ ನಾವು ಮೂವರೂ ನಾಲ್ಕು ಸಂಜೆ ಕೂತ್ವಿ. ‘ನೂರಕ್ಕೆ ನೂರು ಶುದ್ಧ’ ಬಿಡೋಕೆ ನಾಗರತ್ನಮ್ಮ ಎರಡು ದಿನ ಒಪ್ಪಲಿಲ್ಲ. “ಹಂಗಾದ್ರೆ ಅಶುದ್ಧಾನಾ?” ಅಂತ ನನ್ನ ಮೇಲೆ ರೇಗಿದ್ರು. ‘ಇತ್ಯಾದಿ’ಯನ್ನ ಮಾತ್ರ ತಾವೇ ಪೆನ್ ತಗೊಂಡು ಹೊಡೆದುಹಾಕಿದ್ರು. ಮುಂದಿನ ಭಾನುವಾರ ನಾನು ಕ್ಲಾಸಿನಲ್ಲಿ ಐದು ನಿಮಿಷ ಕೇಳಿ ತಗೊಂಡು, ನಡೆದಿದ್ದು ಹೇಳಿ ಸಾರಿ ಕೇಳಿದೆ. ಹನ್ನೆರಡನೇ ತಪ್ಪನ್ನ ರೂಪಾ ವಿವರಿಸಿದ್ಲು. ಮೊದಲ ಸಲ ಕ್ಯಾಮೆರಾ ಆನ್. ಹಿಂದೆ ಮೆಣಸಿನಕಾಯಿ ಮೂಟೆ, ಮೂಟೆ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಅತ್ತೆ! ಯಾರೂ ನಗಲಿಲ್ಲ. ಮೇಷ್ಟ್ರು ಅಸೈನ್‌ಮೆಂಟಿಗೆ ಒಂದು ಸಾಲು ಸೇರಿಸಿದ್ರು: ತಯಾರಿಸಿದವರಿಗೆ ಮೊದಲು ತಿಳಿಸಿದ್ದೀರಾ?

ಮೊನ್ನೆ ಸುಮಾ ಟೀಚರ್ ಅಂಗಡಿಯಲ್ಲೇ ಸಿಕ್ಕಿದ್ರು. ಹೊಟ್ಟೆ ಎಷ್ಟೋ ಹಗುರ ಅನ್ನಿಸ್ತಿದೆಯಂತೆ. ಹೊಸ ಪ್ಯಾಕೆಟ್ ತಿರುಗಿಸಿ ನಿಂತಲ್ಲೇ ಪೂರ್ತಿ ಓದಿದ್ರು. ನಾಗರತ್ನಮ್ಮ ಅವರ ಮುಖವನ್ನೇ ನೋಡ್ತಿದ್ರು. ಟೀಚರ್ “ಎರಡು ಕೊಡಿ” ಅಂದಾಗ ನಾಗರತ್ನಮ್ಮನ ಮುಖ ನೀವು ನೋಡಬೇಕಿತ್ತು.

ನಾವು ವಾಟ್ಸಾಪ್ ಗ್ರೂಪಿನಲ್ಲಿ ಬರೀತೀವಿ, ಆ್ಯಪ್‌ನಲ್ಲಿ ಸ್ಟಾರ್ ಕಿತ್ಕೋತೀವಿ, ಫೋಟೋ ಹಾಕಿ ಮಾನ ಕಳೀತೀವಿ. ಕೌಂಟರ್ ಆಚೆ ನಿಂತವರ ಕಿವಿಗೆ ಬೀಳೋ ಹಾಗೆ ಎಷ್ಟು ಸಲ ಹೇಳಿದ್ದೀವಿ?

ನಿಮ್ಮ ಬೀದಿಯ ಬೇಕರಿಯವರಿಗೆ ನೀವು ಹೇಳದೇ ಇಟ್ಕೊಂಡಿರೋ ಮಾತು ಯಾವುದು?