ಜೇನಿಗೆ ಸಕ್ಕರೆ, ನಮಗೆ ಬೆಲ್ಲ

ಮಕ್ತಲದ ನಮ್ಮ ಪಕ್ಕದ ಮನೆಯವನು ಗಡಿಗೆಯಲ್ಲಿ ಜೇನು ಸಾಕಿದ್ದ. ರೇಷನ್ನಿನಲ್ಲಿ ಹಿಡಿ ಸಕ್ಕರೆ ಸಿಕ್ಕರೆ ಹೆಚ್ಚು ಎನ್ನುವ ಕಾಲ. ಮಳೆಗಾಲದಲ್ಲಿ ಹೂವಿಲ್ಲವೆಂದರೆ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತಿದ್ದ.

"ಹಸದಾವ್ರಿ ಪಾಪ, ಒಂದೀಟು ಸಕ್ಕರಿ ಕೊಡ್ರಿ."

ಅವ್ವ ಬೆಲ್ಲ ಕೊಡಲು ಹೋದರೆ, "ಬೆಲ್ಲ ತಿಂದ್ರ ಅವಕ್ಕ ಹೊಟ್ಟಿ ಕೆಡತೈತ್ರಿ" ಎನ್ನುತ್ತಿದ್ದ. ಬೆಲ್ಲದ ಚಹಾ ನಮ್ಮ ಪಾಲಿಗೆ! ಜೇನುಹುಳುಗಳಿಗೆ ಸಕ್ಕರೆ ಪಾಕ ಇಡಲು ಪಾತ್ರೆಯೂ ನಮ್ಮದೇ. ಬಟ್ಟಲಿನಲ್ಲಿಟ್ಟರೆ ಹುಳುಗಳು ಮುಳುಗಿ ಸತ್ತವು. ಮರುದಿನ ತಟ್ಟೆ ಕೇಳಿದ, ಅದಕ್ಕೆ ಇರುವೆ ಮುತ್ತಿದವು.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆ್ಯಕ್ಷನ್ ಸುದ್ದಿ ಬಂದ ದಿನ ಓಣಿಯೆಲ್ಲ ಬಂಡಿ ಹೂಡಿ ಧನ್ವಾಡದ ಕಡೆ ಹೊರಟಿತು. ನಾವು ಬಂಡಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದರೆ, ಈತ ನಮ್ಮ ಹಿತ್ತಾಳೆ ಪರಾತದ ತುಂಬ ಪಾಕ ಹುಯ್ದು, ಹುಳು ಕೂತು ಕುಡಿಯಲೆಂದು ಜೋಳದ ದಂಟಿನ ಬೆಂಡು ತೇಲಿಬಿಡುತ್ತಿದ್ದ.

"ಫೌಜು ಬಂತೋ ಯಪ್ಪಾ!" ಅವ್ವ ಕಿರುಚಿದಳು.

"ತಡೀರಿ, ಇನ್ನೊಂದು ಬೆಂಡು ಹಾಕ್ತೀನಿ."

ನಾವು ತಿರುಗಿ ಬಂದಾಗ ಗಡಿಗೆ ಖಾಲಿಯಾಗಿತ್ತು. ಪೀಡೆ ತೊಲಗಿತು ಎಂದುಕೊಂಡೆವು. ಸಂಜೆಗೆ ಮತ್ತೆ ಅದೇ ಬಾಗಿಲು, ಅದೇ ಮುಖ.

"ನಮ್ಮಂಗ ಅವೂ ಹೆದರಿ ಊರು ಬಿಟ್ಟಾವ್ರಿ. ಮನಿಗಿ ಬಂದಾಗ ಹಸದಿರ್ತಾವ."

ಅವ್ವ ಬೈಯುತ್ತಲೇ ಸಕ್ಕರೆ ಡಬ್ಬಿ ಇಳಿಸಿದಳು.