ಹಲಗೆಯ ಮೇಲೆ ಗುಡ್ಡಾಪುರಕ್ಕೆ

ಅಮಾವಾಸ್ಯೆಗೊಮ್ಮೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ನಡೆದೇ ಹೋಗುವುದು ನನ್ನ ಹರಕೆ. ಈ ಸಲ ಜೊತೆಗಾರರೆಲ್ಲ ಜೀಪು ಹತ್ತಿದರು. ಒಬ್ಬನೇ ಅಷ್ಟು ದೂರ ನಡೆಯಲು ಮನಸ್ಸು ಬಾರದೆ ಲಾಂಗ್‌ಬೋರ್ಡ್ ಎಂಬ ನಾಲ್ಕು ಗಾಲಿಯ ಉದ್ದ ಹಲಗೆಯ ಮೇಲೆ ನಿಂತು, ಒಂದು ಕಾಲಿನಿಂದ ನೆಲ ಒದೆಯುತ್ತ ಹೊರಟೆ. ಯಳವಿ ಹತ್ತಿರದ ಇಳಿಜಾರಿನಲ್ಲಿ ಹಲಗೆ ಗಡಗಡ ನಡುಗಿತು. ಇಳಿದು, ಹಲಗೆಯಡಿ ಗಾಲಿಗಳನ್ನು ಹಿಡಿದಿರುವ ಅಚ್ಚಿನ ನಟ್ಟು ಬಿಗಿದೆ; ಈಗ ತಿರುವಿನಲ್ಲಿ ಬಾಗಲೊಲ್ಲದು. ತುಸು ಸಡಿಲಿಸುತ್ತ ಕುಳಿತಾಗ ಕುರಿ ಕಾಯುವ ಅಜ್ಜಿಯೊಬ್ಬಳು ಬಂದು ನಿಂತಳು.

"ಇದಕ್ಕ ಎಂಜಿನ್ ಐತೇನೋ ತಮ್ಮಾ?"

"ಇಲ್ಲಬೇ ಅಜ್ಜಿ, ಕಾಲಿಲೆ ಒದಿಬೇಕು. ಹಿಂಗ ಹೋದ್ರ ನನ್ನ ಹರಕಿ ಮುಟ್ಟತೈತೇನು?"

"ಎರಡೂ ಕಾಲಿಲೆ ಒದಿತಿಯೇನು?"

"ಬಲಗಾಲಿಲೆ ಅಷ್ಟ."

"ಹಂಗಾದ್ರ ಅರ್ಧ ಮುಟ್ಟತೈತಿ. ಬರೋವಾಗ ಎಡಗಾಲಿಲೆ ಒದಿ."

ದೇವಿಯೇ ಹೇಳಿಸಿದಳು ಅಂದುಕೊಂಡೆ. ಮರಳುವಾಗ, ಮಾತಿಗೆ ಒಬ್ಬರೂ ಇಲ್ಲದ ಆ ದಾರಿಯುದ್ದಕ್ಕೂ ಎಡಗಾಲಿನಿಂದಲೇ ಒದ್ದೆ. ಹಲಗೆ ಮತ್ತೆ ಮತ್ತೆ ಜಾಲಿಕಂಟಿಗೆ ನುಗ್ಗಿತು. ನಟ್ಟಿನದೇನೂ ತಪ್ಪಿಲ್ಲ, ನನ್ನ ಎಡಗಾಲಿಗೆ ಭಕ್ತಿ ಇನ್ನೂ ಸಾಲದು.