ಸಮುದ್ರಕ್ಕೆ ಬೆನ್ನು ಮಾಡಿದ ಕೋಣೆ

ವೇಲ್ಸ್‌ನ ಉತ್ತರ ತೀರದ ಆ ಊರಿನಲ್ಲಿ ಸಮುದ್ರ ಕಾಣದ ಕೋಣೆಯೊಂದನ್ನು ನಾನು ಹುಡುಕುತ್ತಿದ್ದೆ. ಲ್ಯಾಪ್‌ಟಾಪ್ ತೋರಿಸುತ್ತಿದ್ದುದೆಲ್ಲ ಸಮುದ್ರ ಕಾಣುವ ಕೋಣೆಗಳನ್ನೇ. ದಂಡೆಯುದ್ದಕ್ಕೂ ಬಿಲ್ಲಿನಂತೆ ಬಾಗಿ ನಿಂತ ಹಳೆಯ ಬಿಳಿ ಹೋಟೆಲುಗಳು, ನೀರಿನೊಳಗೆ ಸೇತುವೆಯಂತೆ ಉದ್ದಕ್ಕೆ ಚಾಚಿದ ಪಿಯರ್, ಮಕ್ಕಳನ್ನು ಹೊತ್ತು ಮರಳಿನ ಮೇಲೆ ನಡೆಯುವ ಕತ್ತೆಗಳು. ಮಗಳು ಕತ್ತೆಗಳನ್ನು ನೋಡಿದ್ದೇ ತಡ, ಮನೆಯಲ್ಲಿ ಬೇರೆ ಮಾತೇ ಇಲ್ಲದಂತಾಗಿತ್ತು.

ಅದು ಕೊರೊನಾದ ಎರಡನೆಯ ಬೇಸಿಗೆ. ಬೆಂಗಳೂರಿಗೆ ಹೋಗುವ ಮಾತೇ ಇರಲಿಲ್ಲ. ಆದರೆ ಐರ್ಲೆಂಡಿನಿಂದ ವೇಲ್ಸ್‌ಗೆ ಹೋಗುವ ಹಡಗು ವಿಹಾರಕ್ಕೆ ಹೊರಟವರನ್ನು ಮತ್ತೆ ಹತ್ತಿಸಿಕೊಳ್ಳತೊಡಗಿತ್ತು. ಮೂವರಿಗೂ ಐರಿಷ್ ಪಾಸ್‌ಪೋರ್ಟ್ ಬಂದಿದ್ದರಿಂದ ವೀಸಾದ ತಂಟೆಯಿಲ್ಲ. ಬೆಳಿಗ್ಗೆ ಡಬ್ಲಿನ್‌ನಲ್ಲಿ ಕಾರು ಸಮೇತ ಹತ್ತಿದರೆ ಮಧ್ಯಾಹ್ನಕ್ಕೆ ಆಚೆ ದಡ.

"ಏನೇ, ಇನ್ನೂ ಸಿಗ್ಲಿಲ್ವಾ?" ಎಂದು ನನ್ನ ಗಂಡ ಅಡುಗೆಮನೆಯಿಂದ ಕೂಗಿದ.

"ಹಿಂದ್ಗಡೆ ರೂಮು ಯಾರೂ ತೋರಿಸ್ತಾನೇ ಇಲ್ಲ."

"ಸಮುದ್ರ ನೋಡಕ್ಕೆ ಅಂತ ಹೋಗಿ ಕಸದ ಡಬ್ಬ ನೋಡ್ಕೊಂಡು ಕೂತ್ಕೊಳೋಣ ಅಂತೀಯ? ಒಳ್ಳೆ ಟ್ರಿಪ್ಪು ಬಿಡು!"

ನಾವಿದ್ದುದು ಐರ್ಲೆಂಡಿನ ಪೂರ್ವ ಕರಾವಳಿಯ ಡ್ರೋಹೆಡಾದಲ್ಲಿ. ಹಿಂದಿನ ವರ್ಷ, ಮನೆಯಿಂದ ದೂರ ಹೋಗಬಾರದೆಂಬ ನಿಯಮ ಸಡಿಲವಾದ ಮೊದಲ ಶನಿವಾರ, ಹತ್ತಿರದ ಕಡಲತೀರಕ್ಕೆ ಹೋಗಿದ್ದೆವು. ಕಾರಿನಿಂದ ಇಳಿದರೆ ಸಮುದ್ರವೇ ಇಲ್ಲ! ಕಣ್ಣು ಹಾಯುವಷ್ಟೂ ಒದ್ದೆ ಮರಳು, ಅದರಾಚೆ ಒಂದು ಬೆಳ್ಳಿಗೆರೆ. ನಮಗೆ ಗೊತ್ತಿದ್ದ ಸಮುದ್ರ ಮಲ್ಪೆಯದು, ಕಾರವಾರದ್ದು. ಯಾವಾಗ ಹೋದರೂ ನೀರು ಅಲ್ಲೇ ಇರುತ್ತದೆ. ಉಬ್ಬರವಿಳಿತಕ್ಕೆ ಚಂದ್ರ ಕಾರಣ ಎಂದು ಶಾಲೆಯಲ್ಲಿ ಇಬ್ಬರೂ ಬರೆದು ಅಂಕ ಗಿಟ್ಟಿಸಿದವರೇ. ಆದರೂ ಅಪ್ಪ ಮಗಳು ಕೈಕೈ ಹಿಡಿದು ಸಮುದ್ರವನ್ನು ಹುಡುಕಿಕೊಂಡು ಹೊರಟರು. ನಾನು ಕಾಫಿ ಫ್ಲಾಸ್ಕ್ ಹಿಡಿದು ದಂಡೆಯ ಗೋಡೆಯ ಮೇಲೆ ಕುಳಿತೆ.

ನೀರು ಎದುರಿನಿಂದ ಬರಲಿಲ್ಲ. ಸಮತಟ್ಟಾಗಿ ಕಂಡ ಮರಳಿನ ನಡುವೆ ಒಂದು ತಗ್ಗಿತ್ತು. ಪಕ್ಕದಿಂದ ಸದ್ದಿಲ್ಲದೆ ಬಂದ ನೀರು ಅದರೊಳಗೆ ಹರಿದು, ಅವರ ಬೆನ್ನ ಹಿಂದೆ ಅಗಲವಾಗುತ್ತಾ ಹೋಯಿತು. ಅವರಿಗೆ ಗೊತ್ತೇ ಇಲ್ಲ. ನಾನು ಎದ್ದು ಕೈ ಬೀಸಿದೆ. ಅವರೂ ಬೀಸಿದರು. ಕಿರುಚಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಮಗಳು ಎರಡೂ ಕೈ ಎತ್ತಿ ಕುಣಿದಳು.

ಕೊನೆಗೆ ತಿರುಗಿ ನೋಡಿ, ಅವನು ಮಗಳನ್ನು ಹೆಗಲಿಗೇರಿಸಿಕೊಂಡು ನೀರಿಗಿಳಿದ. ಮೊಣಕಾಲು, ಸೊಂಟ, ಎದೆ. ಓಡಬೇಕಿದ್ದ ನಾನು ಫ್ಲಾಸ್ಕ್ ಹಿಡಿದು ಗೋಡೆಯ ಬಳಿಯೇ ನಿಂತಿದ್ದೆ. ನಾಯಿ ಅಡ್ಡಾಡಿಸುತ್ತಿದ್ದ ಮುದುಕರೊಬ್ಬರು ಬೂಟಿನಲ್ಲೇ ನೀರಿಗಿಳಿದು ಕೈ ಚಾಚಿದರು. ಚಾಚಿದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡರು. ಯಾರೂ ಯಾರನ್ನೂ ಮುಟ್ಟದಿದ್ದ ಕಾಲ. ಮರುಕ್ಷಣವೇ ಮತ್ತೆ ಚಾಚಿ, ಅವನ ತೋಳು ಹಿಡಿದು ಎಳೆದರು. "ಗ್ರ್ಯಾಂಡ್ ನೌ, ಯೂ ಆರ್ ಗ್ರ್ಯಾಂಡ್," ಎಂದು ಐರಿಷ್ ರೀತಿಯಲ್ಲಿ 'ಏನೂ ಆಗಿಲ್ಲ' ಎನ್ನುತ್ತಾ ದೂರ ಸರಿದು ನಿಂತರು. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಪಾತ್ರೆ ತೊಳೆಯುವಾಗ, ಆಫೀಸಿನ ಮೀಟಿಂಗಿನ ನಡುವೆ, ನನ್ನ ಕಣ್ಣ ಮುಂದೆ ಆ ಕೈ ಹಿಂದೆ ಹೋಗುತ್ತದೆ. ಮತ್ತೆ ಮುಂದೆ ಬರುವ ಹೊತ್ತಿಗೆ ನನಗೆ ಉಸಿರಿರುವುದಿಲ್ಲ.

ನನ್ನ ಗಂಡನಿಗೋ ಅದು ತಮಾಷೆಯ ಕತೆ. ಯುಗಾದಿಗೆ ಕನ್ನಡದವರೆಲ್ಲ ಜೂಮ್‌ನಲ್ಲಿ ಸೇರಿದಾಗ, "ನಾವು ಸಮುದ್ರ ಹುಡುಕ್ಕೊಂಡು ಹೋದ್ವಿ, ಅದು ನಮ್ಮನ್ನೇ ಹುಡುಕ್ಕೊಂಡು ಬಂತು," ಎಂದು ಎಲ್ಲರನ್ನೂ ನಗಿಸಿದ್ದ. ನಾನು ಕ್ಯಾಮೆರಾ ಆಫ್ ಮಾಡಿ ಎದ್ದುಹೋಗಿದ್ದೆ.

ಈಗ ಅವನು ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕುಳಿತ. "ಎಷ್ಟು ದಿನ ಅಂತ ಹೆದರ್ತೀಯ? ಅವಳನ್ನ ಮರಳಿಗೇ ಬಿಡಲ್ವಾ ಹಂಗಾದ್ರೆ?"

"ಬಿಡ್ತೀನಿ. ಈ ಸಲ ನಾನು ಕರ್ಕೊಂಡು ಹೋಗ್ತೀನಿ. ನೀನು ದಂಡೆ ಮೇಲೆ ಕೂತು ನೋಡ್ತಿರು."

"ಆಯ್ತು, ಅದಕ್ಕೇನಂತೆ," ಎಂದವನ ಕಣ್ಣು ಲ್ಯಾಪ್‌ಟಾಪಿನ ಮೇಲೆ ನಿಂತಿತು. ಇಳಿತದ ಹೊತ್ತಿನಲ್ಲಿ ತೆಗೆದ ಒಂದು ಫೋಟೋ ಎದುರಿಗಿತ್ತು. ಮರಳಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಜನ.

"ಎಷ್ಟು ದೂರ ಹೋಗ್ತೀರ?"

"ಅವಳು ಎಷ್ಟು ದೂರ ಅಂತಾಳೋ ಅಷ್ಟು."

"ಅದ್ಹೇಗಾಗತ್ತೆ? ನಿಂಗೆ ಈಜು ಬೇರೆ ಬರಲ್ಲ. ನೀರು ಯಾವಾಗ ಬರತ್ತೆ ಅಂತ ಯಾರನ್ನಾದ್ರೂ ಕೇಳ್ಕೊಂಡು..."

"ಅಪ್ಪಾ, ಇಟ್ಸ್ ಗ್ರ್ಯಾಂಡ್!" ಎಂದಳು ಮಗಳು ಸೋಫಾದಿಂದಲೇ.

ಅವನು ನಗಲಿಲ್ಲ. ಅವಳ ಕಡೆ ನೋಡಿದ, ಆಮೇಲೆ ನನ್ನ ಕಡೆ. ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು ಆ ಫೋಟೋವನ್ನು ದೊಡ್ಡದು ಮಾಡಿದ. ಒಂದು ವರ್ಷದಿಂದ ನಾನು ಕಾಯುತ್ತಿದ್ದ ಗಳಿಗೆ ಅದು. ಬಂದಾಗ ಖುಷಿಯೇನೂ ಆಗಲಿಲ್ಲ. ಹೆದರುವವರು ಇಬ್ಬರಾದೆವು, ಅಷ್ಟೆ.

ಹಿಂದುಗಡೆಯ ಕೋಣೆ ಹುಡುಕುವುದನ್ನು ಬಿಟ್ಟೆ. ನೋಡುತ್ತಲೇ ಇರಬೇಕಾದರೆ ಎದುರಿಗಿರುವುದೇ ಮೇಲು. ದಂಡೆಗೆ ಮುಖ ಮಾಡಿದ ಒಂದು ಕೋಣೆಯ ಮೇಲೆ ಕ್ಲಿಕ್ ಮಾಡಿದೆ.

"ಎಷ್ಟನೇ ಫ್ಲೋರು?" ಎಂದ.

"ಮೂರನೇದು."

"ಅಲ್ಲಿಂದ ಮರಳು ಪೂರ್ತಿ ಕಾಣತ್ತಾ?"